ಎಪಿಕ್ಸ್ ಕಂಪೆನಿಯ ಏಳುಬೀಳು

ರಾಜ್ಯೋತ್ಸವದ ಸಂಚಿಕೆಯಲ್ಲಿ ಇತಿಹಾಸವೆಂದರೆ ಕದಂಬರಿಂದ ಹೊರಟು ವಿಜಯನಗರವನ್ನು ಮುಟ್ಟುವುದು ವಾಡಿಕೆ. ಆ ವಾಡಿಕೆಯನ್ನು ನಾವು ಹಳಿಯುವವರಲ್ಲ. ಆದರೆ ಅರಸುಮನೆತನಗಳಿಗೆ ಇರುವಂತೆ ಅಂಗಡಿ ಕಾರ್ಖಾನೆಗಳಿಗೂ ಇತಿಹಾಸವುಂಟು. ಅವಕ್ಕೆ ಶಾಸನ ಕೆತ್ತಿಸುವವರು ಇಲ್ಲ, ಅಷ್ಟೆ. ನಮ್ಮ ಸಂಘದ ಸದಸ್ಯರಲ್ಲಿ, ಮನೆಯ ಒಬ್ಬರಾದರೂ ಕಂಪ್ಯೂಟರಿನ ಕೆಲಸದಿಂದ ಅನ್ನ ಕಾಣದ ಮನೆ ಈಗ ಅಪರೂಪ. ಮೊಮ್ಮಕ್ಕಳ ಕೈಯಲ್ಲಂತೂ ಆಟ ತುಂಬಿದ ಫೋನು ಇದ್ದೇ ಇದೆ. ಈ ಆಟಗಳ ವಂಶಾವಳಿ ಎಲ್ಲಿಯದು, ಇವನ್ನು ಮೊದಲು ಕಟ್ಟಿದವರ ಗತಿ ಏನಾಯಿತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಆದುದರಿಂದ ಈ ವರ್ಷ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ಹುಟ್ಟಿ, ಹದಿನೈದು ವರ್ಷ ಬಾಳಿ ಮುಚ್ಚಿಹೋದ ಎಪಿಕ್ಸ್ ಎಂಬ ಕಂಪೆನಿಯ ಕಥೆಯನ್ನು ವಾಚಕರ ಮುಂದಿಡಲು ಬಯಸಿದ್ದೇವೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ನಮ್ಮ ಹಿರಿಯರ ಮಾತು. ಎಪಿಕ್ಸ್ ಕಥೆಯನ್ನು ಬರೆದವರಲ್ಲಿ ಹಲವರು ಇದೇ ನೀತಿಯನ್ನು ಅದರ ಕೊನೆಗೆ ಅಂಟಿಸುತ್ತಾರೆ. ಆ ನೀತಿ ಇಲ್ಲಿಗೆ ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಕಂಪೆನಿಯ ಮೂಲಪುರುಷರು ಇಬ್ಬರು: ಜಿಮ್ ಕಾನೆಲಿ ಮತ್ತು ಜಾನ್ ಫ್ರೀಮನ್. ಇಬ್ಬರ ಸ್ನೇಹಕ್ಕೂ ಕಾರಣವಾದುದು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟ. ಈ ಆಟದ ಸ್ವರೂಪವನ್ನು ಕನ್ನಡಿಗರಿಗೆ ತಿಳಿಸಲು ತಾಳಮದ್ದಳೆಯ ಹೋಲಿಕೆ ಸಾಕು. ನಾಲ್ಕಾರು ಮಂದಿ ಸುತ್ತ ಕುಳಿತು, ವೇಷವಿಲ್ಲದೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಪ್ರಸಂಗವನ್ನು ನಡೆಸುತ್ತಾರೆ. ಭಾಗವತರ ಸ್ಥಾನದಲ್ಲಿ ಒಬ್ಬನು ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ. ವ್ಯತ್ಯಾಸವೆಂದರೆ, ಇಲ್ಲಿ ಹೊಡೆದ ಪೆಟ್ಟು ತಗಲಿತೆ ಇಲ್ಲವೆ ಎಂಬುದನ್ನು ದಾಳ ನಿರ್ಣಯಿಸುತ್ತದೆ, ಮತ್ತು ಪ್ರತಿಯೊಂದು ಪಾತ್ರದ ಬಲಾಬಲಕ್ಕೂ ಅಂಕೆಯ ಲೆಕ್ಕ ಇಡಬೇಕಾಗುತ್ತದೆ. ಈ ಲೆಕ್ಕದ ಹೊರೆ ಹೊತ್ತಿದ್ದವನು ಕಾನೆಲಿ. ಅವನು ಅದಕ್ಕೆಂದು 1978ರಲ್ಲಿ ಕಾಮೊಡೋರ್ ಪೆಟ್ ಎಂಬ ಸಣ್ಣ ಗಣಕಯಂತ್ರವೊಂದನ್ನು ಕೊಂಡನು. ಕೊಂಡ ಮೇಲೆ ಹಾಕಿದ ಹಣದ ಚಿಂತೆ ಹತ್ತಿತು. ಅದನ್ನು ವ್ಯಾಪಾರದ ಖರ್ಚೆಂದು ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕಾದರೆ ವ್ಯಾಪಾರವೊಂದು ಇರಬೇಕಷ್ಟೆ! ಹೀಗೆ ತೆರಿಗೆಯ ನೆಪದಿಂದ ಕಂಪೆನಿ ಹುಟ್ಟಿತು. ಆಗ ಅದರ ಹೆಸರು ಆಟೊಮೇಟೆಡ್ ಸಿಮ್ಯುಲೇಷನ್ಸ್.

ಫ್ರೀಮನ್ ಆಟದ ಕಟ್ಟಳೆಗಳನ್ನು ಹೊಸೆದನು; ಕಾನೆಲಿ ಅವನ್ನು ಬೇಸಿಕ್ ಎಂಬ ಸುಲಭದ ಗಣಕಭಾಷೆಯಲ್ಲಿ ಬರೆದನು. 1978ರ ಕೊನೆಗೆ 'ಸ್ಟಾರ್‌ಫ್ಲೀಟ್ ಒರಾಯನ್' ಎಂಬ ಮೊದಲನೆಯ ಆಟ ಹೊರಬಂದಿತು. ಒಂದು ಕ್ಯಾಸೆಟ್ಟು, ಒಂದು ಅಚ್ಚಾದ ಪುಸ್ತಕ, ಸರಕೆಂದರೆ ಇಷ್ಟೇ. ಇಂದಿನವರಿಗೆ ಆ ಕಾಲದ ಬಡತನವನ್ನು ಮನಗಾಣಿಸುವುದು ಕಷ್ಟ. ಮೊದಲ ಪೆಟ್ ಯಂತ್ರಗಳಿಗೆ ಇದ್ದ ಸ್ಮರಣಶಕ್ತಿ ಹೆಚ್ಚೆಂದರೆ 8 ಕಿಲೋಬೈಟು. ಈ ಲೇಖನವನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದಿಷ್ಟೂ ಆ ಯಂತ್ರದಲ್ಲಿ ಹಿಡಿಯುತ್ತಿರಲಿಲ್ಲ. ಅಷ್ಟರಲ್ಲೇ ಯುದ್ಧನೌಕೆಗಳು ಆಕಾಶದಲ್ಲಿ ಕಾದಾಡಬೇಕಾಗಿತ್ತು.

ಬಡತನದಲ್ಲಿ ಸಂಸಾರ ತೂಗಿಸುವ ಗೃಹಿಣಿಯ ಜಾಣ್ಮೆ ಏನೆಂಬುದು 1979ರ 'ಟೆಂಪಲ್ ಆಫ್ ಆಪ್ಷಾಯ್' ಎಂಬ ಆಟದಲ್ಲಿ ಕಂಡಿತು. ಪಾಳುಬಿದ್ದ ದೇಗುಲವೊಂದರ ನೆಲದಡಿಯಲ್ಲಿ ನಾಲ್ಕು ಅಂತಸ್ತು, ಇನ್ನೂರಕ್ಕೂ ಹೆಚ್ಚು ಕೋಣೆಗಳು. ಆಟಗಾರನು ಅಲ್ಲಿ ಅಲೆದು, ಕ್ಷುದ್ರಜೀವಿಗಳೊಡನೆ ಹೋರಾಡಿ, ನಿಧಿಯನ್ನು ತರಬೇಕು. ಒಂದೊಂದು ಕೋಣೆಯ ನೋಟವನ್ನೂ ವಾಸನೆಯನ್ನೂ ಸದ್ದನ್ನೂ ವರ್ಣಿಸಲು ಯಂತ್ರದಲ್ಲಿ ಜಾಗವೆಲ್ಲಿ? ಫ್ರೀಮನ್ ಮತ್ತು ಅವನ ಸಂಗಡಿಗರು ವರ್ಣನೆಗಳನ್ನೆಲ್ಲ ಪುಸ್ತಕದಲ್ಲಿ ಅಚ್ಚುಹಾಕಿಸಿದರು. ಪರದೆಯ ಮೇಲೆ ಬರುವುದು ಬರಿಯ ಗೆರೆ ಎಳೆದ ಕೋಣೆ ಮತ್ತು ಅದರ ಸಂಖ್ಯೆ. ಆಟಗಾರನು ಆ ಸಂಖ್ಯೆಯನ್ನು ಹಿಡಿದು ಪುಸ್ತಕದ ಪುಟ ತಿರುವಿ ಓದಿಕೊಳ್ಳಬೇಕು. ಯಂತ್ರ ಲೆಕ್ಕವನ್ನು ನೋಡಿಕೊಂಡರೆ, ಕಾಗದ ಕಥೆಯನ್ನು ಹೇಳಿತು. ಉಳಿದುದನ್ನು ಓದುಗನ ಕಲ್ಪನೆ ತುಂಬಿತು.

ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಕ್ಯಾಸೆಟ್ಟಿನಲ್ಲಿ ಬಂದ ಆಟ ಪಾತ್ರದ ಸ್ಥಿತಿಗತಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಆಟ ನಿಲ್ಲಿಸುವಾಗ ತನ್ನ ವೀರನ ಬಲವೆಷ್ಟು, ಗಳಿಸಿದ ಹೊನ್ನೆಷ್ಟು ಎಂಬುದನ್ನು ಆಟಗಾರನೇ ಚೀಟಿಯಲ್ಲಿ ಬರೆದಿಟ್ಟು, ಮರುದಿನ ಯಂತ್ರಕ್ಕೆ ಹೇಳಬೇಕು. ನೂರನ್ನು ಸಾವಿರವೆಂದು ಹೇಳಿದರೂ ಯಂತ್ರ ನಂಬುತ್ತಿತ್ತು. ಒಂಟಿಯಾಗಿ ಆಡುವವನಿಗೆ ತನ್ನ ಮನಸ್ಸಾಕ್ಷಿಯೇ ಪಂಚಾಯಿತಿ. 1981ರ ಹೊತ್ತಿಗೆ ಈ ಆಟದ 20,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಮನೆಯಲ್ಲಿ ಗಣಕಯಂತ್ರ ಇಟ್ಟುಕೊಂಡವರೇ ಕೆಲವರಾಗಿದ್ದ ಆ ದಿನಗಳಲ್ಲಿ ಇದು ಅಲ್ಪವಲ್ಲ.

ಯಶಸ್ಸಿನ ಹಿಂದೆಯೇ ಮನಸ್ತಾಪವೂ ಬಂದಿತು. ಬೇಸಿಕ್ ಭಾಷೆಯ ಹಳೆಯ ಚೌಕಟ್ಟನ್ನು ಬಿಟ್ಟು ಹೊಸದನ್ನು ಕಟ್ಟಬೇಕೆಂದು ಫ್ರೀಮನ್. ನಡೆಯುತ್ತಿರುವುದನ್ನು ಕೆಡಿಸುವುದೇಕೆಂದು ಕಾನೆಲಿ. ಪಾಲುದಾರರ ನಡುವೆ ಈ ಬಗೆಯ ಜಗಳವನ್ನು ನಾವೆಲ್ಲರೂ ಕಂಡವರೇ. 1981ರಲ್ಲಿ ಫ್ರೀಮನ್ ಹೊರನಡೆದು, ಆನ್ ವೆಸ್ಟ್‌ಫಾಲ್ ಎಂಬಾಕೆಯೊಡನೆ ಬೇರೆ ಸಂಸ್ಥೆ ತೆರೆದನು. ಅವರಿಬ್ಬರ 'ಆರ್ಕಾನ್' ಎಂಬ ಆಟ 1983ರಲ್ಲಿ ಬಂದು ಹೆಸರಾಯಿತು. ಇತ್ತ ಮೂಲ ಕಂಪೆನಿಗೆ ಹೊರಗಿನ ಬಂಡವಾಳ ಬಂದಿತು, ಆಟಿಕೆಗಳ ವ್ಯಾಪಾರದಲ್ಲಿ ಪಳಗಿದ ಮೈಕೆಲ್ ಕಟ್ಜ್ ಆಡಳಿತದ ಚುಕ್ಕಾಣಿ ಹಿಡಿದನು, ಕಾನೆಲಿಯೂ ಹೊರಟುಹೋದನು. ಹೆಸರೂ ಬದಲಾಯಿತು. ಮಹಾಕಾವ್ಯವೆಂಬ ಅರ್ಥದ 'ಎಪಿಕ್' ಎಂದು ಕರೆದುಕೊಳ್ಳಲು ಆಸೆಯಿತ್ತು; ಆ ಹೆಸರು ಗ್ರಾಮಫೋನ್ ರೆಕಾರ್ಡಿನ ಕಂಪೆನಿಯೊಂದರ ಪಾಲಾಗಿದ್ದುದರಿಂದ ಅಕ್ಷರವನ್ನು ಕೊಂಚ ತಿರುಚಿ 'ಎಪಿಕ್ಸ್' ಎಂದರು. ಮೊದಲು ಕೆಲವು ಆಟಗಳಿಗೆ ಮಾತ್ರ ಇದ್ದ ಈ ಹೆಸರು 1983ರಲ್ಲಿ ಇಡೀ ಕಂಪೆನಿಯದಾಯಿತು. ಕಟ್ಟಿದ ಇಬ್ಬರೂ ಮನೆ ಬಿಟ್ಟ ಮೇಲೆ ಮನೆಗೆ ಮಹಾಕಾವ್ಯದ ಹೆಸರು ನಿಂತುದು ವಿಧಿಯ ವಿನೋದವೆನ್ನಬೇಕು.

ಈಗ ಕಥೆಗೆ ಇನ್ನೊಂದು ಸಣ್ಣ ಕಂಪೆನಿ ಬಂದು ಸೇರುತ್ತದೆ. ಅದರ ಹೆಸರು ಸ್ಟಾರ್‌ಪಾತ್. 1981ರಲ್ಲಿ ಆರ್ಕೇಡಿಯ ಎಂಬ ಹೆಸರಿನಿಂದ ಹುಟ್ಟಿ, ಅದೇ ಹೆಸರಿನ ಆಟದ ಯಂತ್ರವೊಂದನ್ನು ಬೇರೊಬ್ಬರು ಮಾರುತ್ತಿದ್ದ ಕಾರಣ ನಾಮಾಂತರ ಹೊಂದಿದುದು ಇದು. ಆ ಕಾಲಕ್ಕೆ ಅಮೆರಿಕದ ಮನೆಮನೆಯಲ್ಲಿ ಟೀವಿಗೆ ಜೋಡಿಸಿ ಆಡುವ ಅಟಾರಿ 2600 ಎಂಬ ಯಂತ್ರವಿತ್ತು. ಅದರೊಳಗಿನ ಸ್ಮರಣೆ 128 ಬೈಟು ಮಾತ್ರ. ಅಂಚೆ ಕಾರ್ಡಿನ ಎರಡು ಮೂರು ಸಾಲಿಗೆ ಅದು ಮುಗಿದುಹೋಗುತ್ತದೆ. ಸ್ಟಾರ್‌ಪಾತ್‌ನವರು 1982ರಲ್ಲಿ 'ಸೂಪರ್‌ಚಾರ್ಜರ್' ಎಂಬ ಉಪಕರಣವನ್ನು ಮಾರಾಟಕ್ಕೆ ತಂದರು. ಅದನ್ನು ಅಟಾರಿಯ ಬಾಯಿಗೆ ಸಿಕ್ಕಿಸಿದರೆ 6 ಕಿಲೋಬೈಟು ಸ್ಮರಣೆ ಕೂಡಿಕೊಳ್ಳುತ್ತಿತ್ತು. ಅದರಿಂದ ಹೊರಟ ತಂತಿಯನ್ನು ಮನೆಯ ಕ್ಯಾಸೆಟ್ ಯಂತ್ರಕ್ಕೆ ಕೊಟ್ಟರೆ ಟೇಪಿನಿಂದ ಆಟ ಇಳಿಯುತ್ತಿತ್ತು. ದುಬಾರಿಯ ಕಾರ್ಟ್ರಿಜ್ ಬೇಡ, ಅಗ್ಗದ ಕ್ಯಾಸೆಟ್ಟು ಸಾಕು. ಯುಕ್ತಿ ಚೆನ್ನಾಗಿತ್ತು, ಕಾಲ ಚೆನ್ನಾಗಿರಲಿಲ್ಲ. 1983ರಲ್ಲಿ ಅಮೆರಿಕದ ಆಟದ ಮಾರುಕಟ್ಟೆಯೇ ಕುಸಿದುಬಿತ್ತು. ಬರಗಾಲದಲ್ಲಿ ಎರಡು ಒಕ್ಕಲು ಕೂಡಿ ಆರಂಬ ಮಾಡುವಂತೆ ಸ್ಟಾರ್‌ಪಾತ್ ಎಪಿಕ್ಸ್‌ನಲ್ಲಿ ಲೀನವಾಯಿತು. ಆಗ ಎಪಿಕ್ಸ್‌ಗೆ ದೊರೆತ ನಿಜವಾದ ಆಸ್ತಿಯೆಂದರೆ ಡೆನ್ನಿಸ್ ಕ್ಯಾಸ್‌ವೆಲ್, ಸ್ಟೀಫನ್ ಲ್ಯಾಂಡ್ರಮ್, ಸ್ಕಾಟ್ ನೆಲ್ಸನ್ ಮೊದಲಾದ ಪ್ರೋಗ್ರಾಮುಗಾರರು. 128 ಬೈಟಿನಲ್ಲಿ ಬಾಳು ಸಾಗಿಸಿದವರಿಗೆ 1982ರಲ್ಲಿ ಬಂದಿದ್ದ ಕಾಮೊಡೋರ್ 64 ಎಂಬ ಮನೆಯ ಗಣಕದ 64 ಕಿಲೋಬೈಟು ಅರಮನೆಯಂತೆ ಕಂಡಿರಬೇಕು.

ಮುಂದಿನ ಮೂರು ನಾಲ್ಕು ವರ್ಷ ಎಪಿಕ್ಸ್‌ನ ಸುಗ್ಗಿಯ ಕಾಲ. ಸ್ಟಾರ್‌ಪಾತ್‌ನವರು ಮುಗಿಸದೆ ಬಿಟ್ಟಿದ್ದ ಕ್ರೀಡೆಯ ಆಟವೊಂದು 1984ರಲ್ಲಿ 'ಸಮ್ಮರ್ ಗೇಮ್ಸ್' ಆಗಿ ಬೆಳೆಯಿತು. ಆ ಬೇಸಗೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಪಂದ್ಯಗಳು. ಎಪಿಕ್ಸ್‌ನವರಿಗೆ ಒಲಿಂಪಿಕ್ ಹೆಸರನ್ನು ಬಳಸುವ ಹಕ್ಕು ಇರಲಿಲ್ಲ. ಆದರೆ ಪಂಜು ಹಿಡಿದು ಓಡಿಬರುವವನು, ಹೊತ್ತಿಕೊಳ್ಳುವ ಜ್ವಾಲೆ, ಹಾರುವ ಪಾರಿವಾಳ ಎಲ್ಲವೂ ಪರದೆಯ ಮೇಲೆ ಬಂದುವು. ಓಟ, ಈಜು, ಕೋಲುಜಿಗಿತ ಮೊದಲಾಗಿ ಎಂಟು ಪಂದ್ಯಗಳು. ಎಂಟು ಮಂದಿಯವರೆಗೆ ಸರದಿಯ ಮೇಲೆ ಆಡಬಹುದು. ಪ್ರತಿಯೊಬ್ಬನೂ ಒಂದು ದೇಶವನ್ನು ಆರಿಸಿಕೊಳ್ಳಬೇಕು. ಗೆದ್ದವನಿಗೆ ಆ ದೇಶದ ರಾಷ್ಟ್ರಗೀತೆ ನುಡಿಯುತ್ತಿತ್ತು. ದೇಶಗಳ ಪಟ್ಟಿಯಲ್ಲಿ ಎಪಿಕ್ಸ್ ಎಂಬುದೂ ಒಂದು ದೇಶ! ಸಣ್ಣ ಕಂಪೆನಿಯ ಈ ಹುಡುಗಾಟಿಕೆಯನ್ನು ಕಂಡು ನಗದವರಾರು? ಈ ಆಟದ ಮಹತ್ವ ಪರದೆಯ ಚೆಲುವಿನಲ್ಲಿ ಅಷ್ಟಿಲ್ಲ. ಚೌಕಾಬಾರದ ಸುತ್ತ ಮನೆಯವರೆಲ್ಲ ಸೇರುವಂತೆ ಅದು ಯಂತ್ರದ ಮುಂದೆ ಮನೆಯವರನ್ನೂ ನೆರೆಯವರನ್ನೂ ಕೂಡಿಸಿತು; ದೊಡ್ಡ ಸಂಗತಿ ಅದು.

ಅದೇ ವರ್ಷ ಕ್ಯಾಸ್‌ವೆಲ್ ಬರೆದ 'ಇಂಪಾಸಿಬಲ್ ಮಿಷನ್' ಬಂದಿತು. ಹುಚ್ಚು ವಿಜ್ಞಾನಿಯೊಬ್ಬನ ನೆಲಮಾಳಿಗೆಗೆ ನುಗ್ಗಿ, ಆರು ಗಂಟೆಗಳೊಳಗೆ ಅವನ ಗುಟ್ಟನ್ನು ಹುಡುಕಬೇಕು. ಆಟ ತೆರೆದೊಡನೆ ಆ ವಿಜ್ಞಾನಿ ಬಂದವನನ್ನು ಮಾತನಾಡಿಸಿ ಸ್ವಾಗತಿಸುತ್ತಾನೆ. ಅಗ್ಗದ ಮನೆಯ ಗಣಕ ಮನುಷ್ಯಸ್ವರದಲ್ಲಿ ಮಾತನಾಡಿದುದನ್ನು ಕೇಳಿ ಹುಡುಗರು ಬೆಚ್ಚಿಬಿದ್ದರು. ಲ್ಯಾಂಡ್ರಮ್ ಮತ್ತು ಕ್ಯಾಸ್‌ವೆಲ್ ಕೂಡಿ ಮಾಡಿದ 'ಪಿಟ್‌ಸ್ಟಾಪ್ II' ಎಂಬ ಮೋಟಾರು ಪಂದ್ಯದಲ್ಲಿ ಪರದೆಯನ್ನು ಎರಡಾಗಿ ಹಂಚಿ ಇಬ್ಬರು ಒಟ್ಟಿಗೆ ಓಡಿಸುವ ಏರ್ಪಾಡಿತ್ತು. ಮುಂದೆ 1985ರಲ್ಲಿ 'ವಿಂಟರ್ ಗೇಮ್ಸ್', 1986ರಲ್ಲಿ ಸ್ಕಾಟ್ಲೆಂಡಿನ ಮರದ ದಿಮ್ಮಿ ಎಸೆತದಿಂದ ಜಪಾನಿನ ಸುಮೋ ಕುಸ್ತಿಯವರೆಗೆ ದೇಶದೇಶದ ಆಟಗಳನ್ನು ಕೂಡಿಸಿದ 'ವರ್ಲ್ಡ್ ಗೇಮ್ಸ್', 1987ರಲ್ಲಿ 'ಕ್ಯಾಲಿಫೋರ್ನಿಯ ಗೇಮ್ಸ್' ಬಂದುವು.

ಆಟಗಳ ಜೊತೆಗೆ ಎಪಿಕ್ಸ್ ಉಪಕರಣಗಳನ್ನೂ ಮಾರಿತು. ಇವುಗಳಲ್ಲಿ ಮುಖ್ಯವಾದುದು ಸ್ಕಾಟ್ ನೆಲ್ಸನ್ ರೂಪಿಸಿದ, 1984ರ 'ಫಾಸ್ಟ್ ಲೋಡ್' ಎಂಬ ಕಾರ್ಟ್ರಿಜ್. ಕಾಮೊಡೋರ್ 64ಕ್ಕೆ ಜೋಡಿಸುವ ಡಿಸ್ಕ್ ಯಂತ್ರ ಬಲು ಮಂದಗತಿಯದು. ಸೆಕೆಂಡಿಗೆ ಮುನ್ನೂರು ನಾನೂರು ಅಕ್ಷರ. ದೊಡ್ಡ ಆಟವೊಂದು ಯಂತ್ರಕ್ಕೆ ಇಳಿಯುವುದರೊಳಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಕುಡಿದು ಬರಬಹುದು. ಇದು ಡಿಸ್ಕಿನ ದೋಷವಲ್ಲ. ಡಿಸ್ಕೂ ಗಣಕವೂ ಪರಸ್ಪರ ಮಾತನಾಡಿಕೊಳ್ಳುವ ಕ್ರಮದ ದೋಷ. ಹಿಂದಿನ ಮಾದರಿಯೊಂದರಲ್ಲಿ ನುಸುಳಿದ ನ್ಯೂನತೆಗಾಗಿ ಹಿಡಿದ ಬಳಸುದಾರಿ ಹೊಸ ಯಂತ್ರಕ್ಕೂ ಅಂಟಿಕೊಂಡಿತ್ತು. ನೆಲ್ಸನ್ ಎರಡು ಯಂತ್ರಗಳಿಗೂ ಚುರುಕಾದ ಹೊಸ ಕ್ರಮವನ್ನು ಕಲಿಸಿದನು. ಕಾರ್ಟ್ರಿಜ್ ಸಿಕ್ಕಿಸಿದರೆ ವೇಗ ಐದು ಪಟ್ಟಿನವರೆಗೆ ಏರುತ್ತಿತ್ತು. ಇದಲ್ಲದೆ ಎಡಗೈಯ ಹಿಡಿತಕ್ಕೆ ಒಪ್ಪುವಂತೆ ಕಡೆದ '500 ಎಕ್ಸ್‌ಜೆ' ಎಂಬ ಜಾಯ್‌ಸ್ಟಿಕ್ಕೂ ಬಹುಕಾಲ ಮೆಚ್ಚುಗೆ ಪಡೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪುಸ್ತಕದಲ್ಲಿ ಅಚ್ಚಾದ ಕೋಣೆಗಳು, ಸೂಪರ್‌ಚಾರ್ಜರ್, ಫಾಸ್ಟ್ ಲೋಡ್ ಇವೆಲ್ಲವೂ ಹುಟ್ಟಿದುದು ಬೇರೊಬ್ಬರ ಯಂತ್ರದ ಕೊರತೆಯಿಂದ. ಪರರ ಯಂತ್ರದ ಕೊರತೆಯೇ ಇವರ ಬಂಡವಾಳ. ಇದರಲ್ಲಿ ಜಾಣತನವುಂಟು; ಅಪಾಯವೂ ಉಂಟು. ಯಂತ್ರದ ಒಡೆಯನು ಕೊರತೆಯನ್ನು ತಾನೇ ನೀಗಿಕೊಂಡರೆ, ಅಥವಾ ಯಂತ್ರವೇ ಹಳತಾಗಿ ಮೂಲೆ ಸೇರಿದರೆ, ಕೊರತೆಯನ್ನು ನಂಬಿದವನ ಗತಿಯೇನು? ಎಪಿಕ್ಸ್ ಗೇಣಿಯ ಗದ್ದೆಯಲ್ಲಿ ಬಂಗಾರ ಬೆಳೆದ ಒಕ್ಕಲು. ಗದ್ದೆ ಮಾತ್ರ ಕಾಮೊಡೋರಿನದು.

ಈ ನಡುವೆ ನ್ಯಾಯಾಲಯದ ತೊಡಕೂ ಬಂದಿತು. ಇಂಗ್ಲೆಂಡಿನ ಸಿಸ್ಟಮ್ 3 ಎಂಬ ಸಂಸ್ಥೆ ಮಾಡಿದ ಕರಾಟೆ ಆಟವೊಂದನ್ನು ಎಪಿಕ್ಸ್ ಅಮೆರಿಕದಲ್ಲಿ ಪ್ರಕಟಿಸಿತ್ತು. ಇದು ತಮ್ಮ ಕರಾಟೆ ಆಟದ ಕಳವು ಎಂದು ಜಪಾನಿನ ಡೇಟಾ ಈಸ್ಟ್ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಎಪಿಕ್ಸ್‌ಗೆ ವಿರುದ್ಧವಾಗಿ ತೀರ್ಪಿತ್ತಿತು; 1988ರಲ್ಲಿ ಅಪೀಲು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎರಡು ಆಟಗಳಿಗೂ ಇದ್ದ ಹೋಲಿಕೆ ಕರಾಟೆ ಎಂಬ ಕ್ರೀಡೆಯಿಂದಲೇ ಬಂದುದೆಂದು ಅದರ ಅಭಿಪ್ರಾಯ. ಎರಡು ಯಕ್ಷಗಾನ ಮೇಳಗಳು ಗದಾಯುದ್ಧದ ಪ್ರಸಂಗವನ್ನು ಆಡಿದರೆ ಎರಡರಲ್ಲೂ ಭೀಮನಿರುತ್ತಾನೆ, ಗದೆಯಿರುತ್ತದೆ, ತೊಡೆ ಮುರಿಯುತ್ತದೆ. ಅಷ್ಟರಿಂದಲೇ ಒಂದು ಮೇಳ ಇನ್ನೊಂದರದನ್ನು ಕದ್ದಿತೆನ್ನಲಾದೀತೆ? ಆಟಗಳ ಹಕ್ಕಿನ ವಿಚಾರ ಬಂದಾಗ ಈ ತೀರ್ಪನ್ನು ಇಂದಿಗೂ ಉದಾಹರಿಸುವುದುಂಟು.

ಗೆದ್ದರೂ ಒಳಗೆ ಅಡಿಪಾಯ ಅದುರುತ್ತಿತ್ತು. ಅಮೆರಿಕದ ಮನೆಗಳಲ್ಲಿ ಜಪಾನಿನ ನಿಂಟೆಂಡೊ ಯಂತ್ರ ನೆಲೆಯೂರಿತು. ಕಾಮೊಡೋರ್ 64ರ ಬೇಡಿಕೆ ಇಳಿಮುಖವಾಯಿತು. ಗದ್ದೆ ಬಂಜೆಯಾಗತೊಡಗಿದಾಗ ಒಕ್ಕಲಿಗೆ ಸ್ವಂತದ್ದೊಂದು ತುಂಡು ನೆಲ ಬೇಕೆನಿಸುವುದು ಸಹಜ. ಆಗ ಎಪಿಕ್ಸ್‌ನ ಮುಖ್ಯಸ್ಥನಾಗಿದ್ದವನು ಡೇವ್ ಮೋರ್ಸ್. ಅಮಿಗಾ ಎಂಬ ಹೆಸರುವಾಸಿಯಾದ ಗಣಕವನ್ನು ಕಟ್ಟಿದ ಸಂಸ್ಥೆಯ ಸ್ಥಾಪಕರಲ್ಲಿ ಅವನೊಬ್ಬ. ಅಲ್ಲಿಯ ಅವನ ಹಳೆಯ ಜೊತೆಗಾರರಾದ ಡೇವ್ ನೀಡಲ್ ಮತ್ತು ಆರ್. ಜೆ. ಮೈಕಲ್ ಎಪಿಕ್ಸ್‌ಗೆ ಬಂದು, ಅಂಗೈಯಲ್ಲಿ ಹಿಡಿದು ಆಡುವ, ಬಣ್ಣದ ಪರದೆಯ ಯಂತ್ರವೊಂದನ್ನು ರಚಿಸಿದರು. ಅದಕ್ಕಿಟ್ಟ ಹೆಸರು 'ಹ್ಯಾಂಡಿ'. ಎಡಚರಿಗೆ ಅನುಕೂಲವಾಗಲೆಂದು ಯಂತ್ರವನ್ನು ತಲೆಕೆಳಗಾಗಿ ಹಿಡಿದರೆ ಪರದೆಯೂ ತಿರುಗಿ ನೆಟ್ಟಗಾಗುವ ಸೌಕರ್ಯವೂ ಅದರಲ್ಲಿತ್ತು. ಹೀಗೆ ಯೋಚಿಸಿದವರು ಬರಿಯ ಲಾಭಕೋರರೆಂದು ನಾವು ಹೇಳಲಾರೆವು.

ಆದರೆ ಯಂತ್ರವನ್ನು ರಚಿಸುವುದು ಬೇರೆ, ಲಕ್ಷಗಟ್ಟಲೆ ತಯಾರಿಸಿ ಅಂಗಡಿಗೆ ತಲುಪಿಸುವುದು ಬೇರೆ. ಬಾವಿ ತೋಡಲು ಮಾಡಿದ ಸಾಲ ನೀರು ಬರುವುದಕ್ಕೆ ಮುಂಚೆಯೇ ಕುತ್ತಿಗೆಗೆ ಬಂದಿತು. ಕೊನೆಗೆ 1989ರಲ್ಲಿ ಹ್ಯಾಂಡಿ ಅಟಾರಿಯವರ ಕೈಸೇರಿತು. ಯಂತ್ರದ ತಯಾರಿಕೆ ಮಾರಾಟಗಳು ಅಟಾರಿಗೆ, ಆಟಗಳ ರಚನೆ ಎಪಿಕ್ಸ್‌ಗೆ ಎಂದು ಒಪ್ಪಂದ. ಯಾವ ಅಟಾರಿಯ ಬಡ ಯಂತ್ರಕ್ಕೆ ಸ್ಟಾರ್‌ಪಾತ್‌ನವರು ಹಿಂದೆ ಸ್ಮರಣೆಯನ್ನು ದಾನಮಾಡಿದ್ದರೋ, ಆ ಹೆಸರಿನವರಿಗೇ ಅವರ ಉತ್ತರಾಧಿಕಾರಿಗಳು ಮನೆಯ ಕೂಸನ್ನು ದತ್ತು ಕೊಡಬೇಕಾಯಿತು. ಅದೇ ವರ್ಷ ಎಪಿಕ್ಸ್ ದಿವಾಳಿ ಅರ್ಜಿ ಹಾಕಿತು. 1988ರಲ್ಲಿ 145 ಇದ್ದ ನೌಕರರ ಸಂಖ್ಯೆ 1989ರ ಕೊನೆಗೆ 20ಕ್ಕಿಂತ ಕೆಳಗಿಳಿಯಿತು. ಅಂಕೆ ಹೇಳುವುದು ಸುಲಭ. ಅದರ ಹಿಂದೆ ನೂರಿಪ್ಪತ್ತಕ್ಕೂ ಹೆಚ್ಚು ಮನೆಗಳ ಒಲೆಯುಂಟು. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾಂಡಿ 'ಅಟಾರಿ ಲಿಂಕ್ಸ್' ಎಂಬ ಹೆಸರಿನಿಂದ 1989ರಲ್ಲೇ ಮಾರುಕಟ್ಟೆಗೆ ಬಂದಿತು. ಬೆಲೆ ಸುಮಾರು 180 ಡಾಲರು. ಅದೇ ವರ್ಷ ನಿಂಟೆಂಡೊ 'ಗೇಮ್ ಬಾಯ್' ಅನ್ನು ಸುಮಾರು 90 ಡಾಲರಿಗೆ ಮಾರಿತು. ಲಿಂಕ್ಸ್‌ಗೆ ಬಣ್ಣವಿತ್ತು, ಬೆಳಕಿತ್ತು, ಚುರುಕಿತ್ತು. ಆದರೆ ಆರು ಬ್ಯಾಟರಿಗಳನ್ನು ನಾಲ್ಕೈದು ಗಂಟೆಗಳಲ್ಲಿ ನುಂಗುತ್ತಿತ್ತು. ಗೇಮ್ ಬಾಯ್‌ಗೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ. ನಾಲ್ಕು ಬ್ಯಾಟರಿಯಲ್ಲಿ ಹತ್ತು ಗಂಟೆಗೂ ಮಿಕ್ಕು ನಡೆಯುತ್ತಿತ್ತು. ಗೆದ್ದುದು ಯಾವುದೆಂದು ಎಲ್ಲರೂ ಬಲ್ಲರು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಕೂಡಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದುವು. ಕೊರತೆಯಲ್ಲಿ ಸೊಗಸು ಕಾಣುವ ಎಪಿಕ್ಸ್‌ನ ಹಳೆಯ ವಿದ್ಯೆಯನ್ನೇ ಎದುರಾಳಿ ಚೆನ್ನಾಗಿ ಕಲಿತಿದ್ದನು. ಎಪಿಕ್ಸ್ ಇನ್ನೂ ಕೆಲವು ವರ್ಷ ಕುಟುಕು ಜೀವ ಹಿಡಿದುಕೊಂಡಿದ್ದು, 1993ರಲ್ಲಿ ಬಾಗಿಲು ಮುಚ್ಚಿತು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಎಪಿಕ್ಸ್ ಹಾಸಿಗೆಗೆ ಮೀರಿ ಕಾಲು ಚಾಚಿತೆ? ಚಾಚಿತು, ನಿಜ. ಆದರೆ ಹಾಸಿಗೆಯೇ ಪರರದಾಗಿದ್ದು, ಅದನ್ನು ಅವರು ಕೆಳಗಿನಿಂದ ಎಳೆದುಕೊಳ್ಳುತ್ತಿರುವಾಗ, ಕಾಲು ಮಡಿಸಿ ಮಲಗಿದ್ದರೆ ಉಳಿಯುತ್ತಿತ್ತೆ? ಕಾನೆಲಿಯಂತೆ ಹಳೆಯದನ್ನೇ ನಂಬಿದ್ದರೆ 'ಸಮ್ಮರ್ ಗೇಮ್ಸ್' ಹುಟ್ಟುತ್ತಿರಲಿಲ್ಲ. ತನ್ನ ಯಂತ್ರವನ್ನು ತಾನೇ ಕಟ್ಟಬೇಕೆಂಬ ಆಸೆ ದುರಾಸೆಯಲ್ಲ. ತಪ್ಪು ನಡೆದುದು ಕಾಲದ ಲೆಕ್ಕದಲ್ಲಿ: ಕಣಜ ತುಂಬಿದ್ದ 1985ರಲ್ಲಿ ತೋಡಬೇಕಾಗಿದ್ದ ಬಾವಿಯನ್ನು ಬರ ಬಂದ ಮೇಲೆ ತೋಡಿದರು. ಗಾದೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಜೊತೆಗೆ 'ಗಾಳಿ ಬಂದಾಗ ತೂರಿಕೋ' ಎಂಬುದನ್ನೂ ಸೇರಿಸಿ ಓದಬೇಕೆನ್ನುತ್ತೇವೆ.

ಕಂಪೆನಿ ಸತ್ತರೂ ಕೆಲಸ ಸಾಯಲಿಲ್ಲ. ಮೋರ್ಸ್, ನೀಡಲ್, ಮೈಕಲ್ ಮುಂದೆ 3ಡಿಒ ಎಂಬ ಇನ್ನೊಂದು ಆಟದ ಯಂತ್ರಕ್ಕೆ ಕಾರಣರಾದರು. 2018ರಲ್ಲಿ ಕಾಮೊಡೋರ್ 64ರ ಪುಟ್ಟ ಪ್ರತಿಕೃತಿಯೊಂದು ಅಂಗಡಿಗೆ ಬಂದಾಗ ಅದರೊಳಗೆ 'ಇಂಪಾಸಿಬಲ್ ಮಿಷನ್', 'ಕ್ಯಾಲಿಫೋರ್ನಿಯ ಗೇಮ್ಸ್' ಮೊದಲಾದುವನ್ನು ತುಂಬಿದ್ದರು. ನಮ್ಮ ನಾಡಿನ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಆಟದ ಸಂಸ್ಥೆ, ಹೊರದೇಶದವರ ಆಟಗಳಿಗೆ ಚಿತ್ರ ಬರೆದುಕೊಟ್ಟು ಹೆಸರು ಪಡೆದು, 2019ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಕಂಪೆನಿಯಲ್ಲಿ ಲೀನವಾಯಿತು. ಗೇಣಿಯ ಗದ್ದೆಯ ಪ್ರಶ್ನೆ ಕ್ಯಾಲಿಫೋರ್ನಿಯದ್ದು ಮಾತ್ರವಲ್ಲವೆಂಬುದಕ್ಕೆ ಇದು ಸಾಕ್ಷಿ. ಪರರ ಯಂತ್ರಕ್ಕೆ ದುಡಿಯುವ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸ್ವಂತದ ತುಂಡು ನೆಲದಲ್ಲಿ ಕನ್ನಡದ ಆಟವೊಂದನ್ನು ಬೆಳೆಯುವ ಧೈರ್ಯ ಅವರಲ್ಲಿ ಕೆಲವರಿಗಾದರೂ ಬರಲಿ. ಬಂದಾಗ, ಕಣಜ ತುಂಬಿರುವಾಗಲೇ ಬಾವಿ ತೋಡುವ ವಿವೇಕವೂ ಅದರೊಡನೆ ಇರಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇವೆ.